ವಿಶೇಷ ಶಾಲೆ ಮುಗಿದ ಮೇಲೆ ವ್ಯಾಯಾಮ: ಬೌದ್ಧಿಕ ಅಂಗವೈಕಲ್ಯ ಇರುವ ಯುವಜನರಿಗೆ ಮನೆಯಲ್ಲೇ ಕಲಿಸುವ ಕ್ರಮ

ವಿಶೇಷ ಶಾಲೆಗೆ ಹೋಗುವಷ್ಟು ದಿನ ಮೈಗೆ ಒಂದಿಷ್ಟು ಕೆಲಸ ತಾನಾಗಿಯೇ ಸಿಗುತ್ತದೆ. ವ್ಯಾನ್ ಹತ್ತಿ ಇಳಿಯಬೇಕು, ಪ್ರಾರ್ಥನೆಗೆ ಸಾಲಾಗಿ ನಿಲ್ಲಬೇಕು, ಪಿ.ಟಿ. ಪೀರಿಯಡ್ಡಿಗೆ ಮೈದಾನಕ್ಕೆ ಹೋಗಬೇಕು, ಊಟದ ತಟ್ಟೆ ತೊಳೆಯಲು ನಲ್ಲಿಯ ತನಕ ನಡೆಯಬೇಕು. 18 ತುಂಬಿ ಶಾಲೆ ಬಿಟ್ಟ ಮೇಲೆ ಇದೆಲ್ಲ ಒಂದೇ ಸಲ ನಿಂತುಹೋಗುತ್ತದೆ. ಎದ್ದು ತಿಂಡಿ ತಿಂದು ಟಿ.ವಿ. ಮುಂದೆ ಕೂತರೆ ಊಟದ ಹೊತ್ತು, ಊಟ ಮಾಡಿ ಮೊಬೈಲ್ ಹಿಡಿದರೆ ಸಂಜೆ. ಎರಡು ಮೂರು ವರ್ಷಗಳಲ್ಲಿ ತೂಕ ಏರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ನೆಲದಿಂದ ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ.

ಮನೆಯವರು ಇದಕ್ಕೆ ಸೋಮಾರಿತನ ಎಂದು ಹೆಸರಿಡುತ್ತಾರೆ. ಆದರೆ ಹೆಚ್ಚಿನ ಮನೆಗಳಲ್ಲಿ ಇರುವ ಕೊರತೆಯೇ ಬೇರೆ. ವ್ಯಾಯಾಮಕ್ಕೆ ಗೊತ್ತಾದ ಹೊತ್ತಿಲ್ಲ, ಜೊತೆಗೆ ಬರುವವರಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಅರ್ಥವಾಗುವ ಹಾಗೆ ಯಾರೂ ಕಲಿಸಿಲ್ಲ. ಕಲಿಸುವ ಕ್ರಮ ಸರಿಯಾದರೆ ಮಾತೇ ಆಡದವರೂ ಕಲಿಯುತ್ತಾರೆ. ಈ ಲೇಖನ ಆ ಕ್ರಮದ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಅಂಗವೈಕಲ್ಯ ಇರುವ ವಯಸ್ಕರಿಗೂ ಉಳಿದವರಿಗೆ ಹೇಳಿದ್ದನ್ನೇ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅಷ್ಟು ಆಗದಿದ್ದರೆ ಆದಷ್ಟು ಮಾಡಿದರೂ ಲಾಭವಿದೆ ಎಂದೂ ಅದರಲ್ಲಿದೆ. 150 ನಿಮಿಷವನ್ನು ಮೊದಲ ವಾರವೇ ಮುಟ್ಟಲು ಹೋಗಬೇಡಿ. ಮೂರು ತಿಂಗಳು ಇಟ್ಟುಕೊಳ್ಳಿ.

ಮೊದಲು ಡಾಕ್ಟರ ಹತ್ತಿರ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವವರು. ಚಿಕ್ಕಂದಿನಲ್ಲಿ ಎಕೋ ಪರೀಕ್ಷೆ ಆಗಿದೆಯೇ, ಶಸ್ತ್ರಚಿಕಿತ್ಸೆ ಆಗಿದ್ದರೆ ಈಗ ಎಷ್ಟು ಶ್ರಮ ಪಡಬಹುದು ಎಂದು ಕೇಳಿಕೊಳ್ಳಿ. ಥೈರಾಯ್ಡ್ ಕೊರತೆಯೂ ಇವರಲ್ಲಿ ಸಾಮಾನ್ಯ. ಅದಕ್ಕೆ ಮಾತ್ರೆ ಸಿಗದೆ ದಿನವಿಡೀ ತೂಕಡಿಸುವವರನ್ನು ಎಬ್ಬಿಸಿ ನಡೆಸುವುದು ಅನ್ಯಾಯ. ರಕ್ತಪರೀಕ್ಷೆ ಮೊದಲಾಗಲಿ.

ಡೌನ್ ಸಿಂಡ್ರೋಮ್‌ನಲ್ಲಿ ಇನ್ನೂ ಒಂದು ವಿಷಯವನ್ನು ಕಡ್ಡಾಯವಾಗಿ ತಿಳಿದಿರಬೇಕು. ಕತ್ತಿನ ಮೊದಲ ಎರಡು ಮೂಳೆಗಳನ್ನು ಬಿಗಿಹಿಡಿಯುವ ಕಟ್ಟು ಕೆಲವರಲ್ಲಿ ಸಡಿಲವಾಗಿರುತ್ತದೆ. ಕತ್ತು ಜೋರಾಗಿ ಬಾಗಿದರೆ ಒಳಗಿನ ಬೆನ್ನುಹುರಿಗೆ ಪೆಟ್ಟಾಗಬಹುದು. ಆದ್ದರಿಂದ ಲಾಗ ಹಾಕಿಸುವುದು, ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ತಲೆ ಮುಂದಾಗಿ ನೀರಿಗೆ ಧುಮುಕುವುದು, ಫುಟ್‌ಬಾಲ್ ಚೆಂಡಿಗೆ ತಲೆ ಕೊಡುವುದು ಬೇಡ. ಯೋಗ ತರಗತಿಗೆ ಸೇರಿಸಿದ್ದರೆ ಗುರುಗಳಿಗೆ ಈ ಪಟ್ಟಿಯನ್ನು ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಹಿಂದೆ ತೆಗೆಸಿದ ಎಕ್ಸ್‌-ರೇ ಚೆನ್ನಾಗಿತ್ತು ಎಂದು ನಿಶ್ಚಿಂತರಾಗಬೇಡಿ, ಲಕ್ಷಣಗಳ ಮೇಲೆ ಕಣ್ಣಿಡಬೇಕು. ಕತ್ತು ನೋವು, ತಲೆ ಒಂದು ಕಡೆ ವಾಲುವುದು, ನಡಿಗೆ ಇದ್ದಕ್ಕಿದ್ದಂತೆ ಬದಲಾಗುವುದು, ಕೈಯಿಂದ ವಸ್ತು ಜಾರುವುದು, ತಡೆದುಕೊಳ್ಳುತ್ತಿದ್ದವರಿಗೆ ಬಟ್ಟೆಯಲ್ಲೇ ಮೂತ್ರ ಆಗುವುದು. ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಫಿಟ್ಸ್ ಇರುವವರು ವ್ಯಾಯಾಮ ಮಾಡಬಾರದು ಎಂಬ ಮಾತು ಸುಳ್ಳು. ನಡಿಗೆ, ಕುಣಿತ, ಕುರ್ಚಿ ವ್ಯಾಯಾಮಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ತಡೆಗೋಡೆ ಇಲ್ಲದ ತಾರಸಿಯ ಮೇಲೆ, ಬಾವಿಕಟ್ಟೆಯ ಹತ್ತಿರ ವ್ಯಾಯಾಮ ಬೇಡ, ವಾಹನ ಓಡಾಡುವ ರಸ್ತೆಯಲ್ಲಿ ಸೈಕಲ್ಲೂ ಬೇಡ. ಈಜಬೇಕೆಂದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ನೀರಿನೊಳಗೇ, ಈಜು ಬಲ್ಲ ಒಬ್ಬರು ಅವರಿಗಾಗಿಯೇ ಇರಬೇಕು. ಫಿಟ್ಸ್ ಬಂದರೆ ತಲೆಯ ಕೆಳಗೆ ಮೆತ್ತಗಿರುವುದು ಏನಾದರೂ ಇಟ್ಟು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹಾಳು. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಮಾತ್ರೆಗಳ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ. ರಿಸ್ಪೆರಿಡೋನ್, ಒಲಾಂಜಪೈನ್, ವಾಲ್‌ಪ್ರೋಯೇಟ್ ತೂಕ ಏರಿಸಬಲ್ಲವು. ಟೋಪಿರಾಮೇಟ್ ತೆಗೆದುಕೊಳ್ಳುವ ಕೆಲವರಿಗೆ ಬೆವರು ಕಡಿಮೆಯಾಗಿ ಬಿಸಿಲಲ್ಲಿ ಮೈ ಕಾದುಬಿಡುತ್ತದೆ. ಇದನ್ನು ಓದಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿಸಿಲ ಹೊತ್ತನ್ನು ತಪ್ಪಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಗ್ಗೆ 7ರೊಳಗೆ ಮುಗಿಸಿದರೆ ಸರಿ, ಇಲ್ಲದಿದ್ದರೆ ಆ ದಿನ ಮನೆಯೊಳಗಿನ ವ್ಯಾಯಾಮ ಸಾಕು. ಬಾಯಾರಿಕೆ ಆಗಿದೆ ಎಂದು ಅನೇಕರು ಹೇಳುವುದಿಲ್ಲ. ಹೊರಡುವ ಮುಂಚೆ ಒಂದು ಲೋಟ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರನ್ನು ಕೇಳದೆಯೇ ಕೊಡಿ.

ಚಪ್ಪಲಿ, ಹೊತ್ತು, ಫೋಟೊ

ಹವಾಯಿ ಚಪ್ಪಲಿಯಲ್ಲಿ ಬಿರುಸಾಗಿ ನಡೆಯಲಾಗದು. ಅನೇಕರ ಪಾದ ಚಪ್ಪಟೆ, ಅಗಲ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗ ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಗೆರೆ ಎಳೆದು, ಆ ಕಾಗದವನ್ನು ಅಂಗಡಿಗೆ ಒಯ್ಯಿರಿ. ಶೂ ಗೆರೆಗಿಂತ ಕಿರಿದಾಗಿದ್ದರೆ ಬೇಡ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ಲೇಸಿನ ಬದಲು ವೆಲ್ಕ್ರೊ ಪಟ್ಟಿ ಇದ್ದರೆ ತಾವೇ ಹಾಕಿಕೊಳ್ಳುತ್ತಾರೆ. ಸಾಕ್ಸ್ ಹಾಕಿದರೆ ಕಿತ್ತೆಸೆಯುವವರಿಗೆ ಅದನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿ ನೋಡಿ. ಬೆರಳಿಗೆ ಒತ್ತುವ ಹೊಲಿಗೆಯೇ ಬಹಳ ಸಲ ಕಿರಿಕಿರಿಯ ಮೂಲ.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶೂ, ಶೂ ಬಿಚ್ಚಿದ ಕೂಡಲೇ ಸ್ನಾನ. ಊಟವಾದ ಕೂಡಲೇ ಬೇಡ, ಒಂದೂವರೆ ಗಂಟೆಯಾದರೂ ಕಳೆಯಲಿ.

ಮೊಬೈಲಿನಲ್ಲಿ ಅವರದೇ ನಾಲ್ಕು ಫೋಟೊ ತೆಗೆಯಿರಿ: ಶೂ ಹಾಕಿಕೊಳ್ಳುವುದು, ನಡೆಯುವುದು, ಕುರ್ಚಿಯಿಂದ ಏಳುವುದು, ನೀರು ಕುಡಿಯುವುದು. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಅವರ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಎಡದಿಂದ ಬಲಕ್ಕೆ ಅಂಟಿಸಿ. ಒಂದೊಂದು ಮುಗಿದಾಗಲೂ ಆ ಫೋಟೊವನ್ನು ಅವರ ಕೈಯಿಂದಲೇ ತೆಗೆಸಿ ಡಬ್ಬಕ್ಕೆ ಹಾಕಿಸಿ. ಇನ್ನೆಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎಂಬ ಮಾತಿಗೆ ಅವರ ಪಾಲಿಗೆ ಕೊನೆಯೇ ಇರುವುದಿಲ್ಲ, ಮೊಂಡು ಹಿಡಿಯುವುದು ಅಲ್ಲಿಂದಲೇ ಶುರು.

ಕುರ್ಚಿಯಿಂದ ಏಳುವುದನ್ನು ಕಲಿಸುವ ಬಗೆ

ಒಂದೇ ಒಂದು ವ್ಯಾಯಾಮ ಕಲಿಸಲು ನಿಮಗೆ ಬಿಡುವಿದ್ದರೆ ಇದನ್ನು ಕಲಿಸಿ. ತೊಡೆ, ಪೃಷ್ಠ, ಸೊಂಟ ಮೂರಕ್ಕೂ ಬಲ ಬರುತ್ತದೆ. ಬಸ್ಸಿನ ಸೀಟಿನಿಂದ, ಕಮೋಡಿನಿಂದ ಯಾರ ಹಂಗಿಲ್ಲದೆ ಏಳುವ ಶಕ್ತಿ ಇದು.

ಚಕ್ರವಿಲ್ಲದ, ಕೈಯಿಲ್ಲದ, ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಆಸನ ಸುಮಾರು 45 ಸೆಂ.ಮೀ. ಎತ್ತರವಿರಲಿ. ಗಿಡ್ಡ ಇದ್ದವರಿಗೆ ಪಾದ ಪೂರ್ತಿ ನೆಲಕ್ಕೆ ತಾಗದಿದ್ದರೆ ಕಾಲ ಕೆಳಗೆ ಮಣೆ ಕೊಡಬೇಡಿ, ಅಲುಗಾಡುತ್ತದೆ. ಕುರ್ಚಿಯನ್ನೇ ಬದಲಿಸಿ. ಕಾಲಲ್ಲಿ ಬಲ ತೀರ ಕಡಿಮೆಯಿದ್ದರೆ ಜಮಖಾನವನ್ನು ಬಿಗಿಯಾಗಿ ಮಡಿಸಿ ಆಸನದ ಮೇಲೆ ಹಾಕಿ. ಎತ್ತರ ಹೆಚ್ಚಿದಷ್ಟೂ ಏಳುವುದು ಸುಲಭ. ಬಲ ಬಂದ ಹಾಗೆ ಒಂದೊಂದೇ ಮಡಿಕೆ ಬಿಚ್ಚುತ್ತಾ ಬನ್ನಿ.

ಕೆಲಸವನ್ನು ಹೀಗೆ ತುಂಡು ಮಾಡಿಕೊಳ್ಳಿ:

1. ಆಸನದ ಮುಂದಿನ ಅರ್ಧಕ್ಕೆ ಸರಿದು ಕೂರುವುದು.
2. ಎರಡೂ ಪಾದವನ್ನು ಮಂಡಿಗಿಂತ ತುಸು ಹಿಂದಕ್ಕೆ, ಭುಜದಷ್ಟು ಅಗಲಕ್ಕೆ ಊರುವುದು.
3. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳುವುದು.
4. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗುವುದು.
5. ಎದ್ದು ನೆಟ್ಟಗೆ ನಿಲ್ಲುವುದು.
6. ನೀವು ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಮೆಲ್ಲಗೆ ಕೂರುವುದು.

ಪಾದ ಎಲ್ಲಿರಬೇಕೆಂದು ಬಾಯಲ್ಲಿ ವಿವರಿಸುವ ಬದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ನೀವೂ ಮಾಡಿ. ಹೇಳುವ ಮಾತು ಒಂದೇ ಇರಲಿ, ದಿನವೂ ಅದೇ ಇರಲಿ. ಇವತ್ತು "ಏಳು", ನಾಳೆ "ಎದ್ದು ನಿಂತ್ಕೊ", ಅಜ್ಜಿ ಬಂದರೆ "ಏಳಪ್ಪ ರಾಜ" ಎಂದರೆ ಮೂರು ಬೇರೆ ಬೇರೆ ಆಜ್ಞೆಗಳಾದವು. ಮನೆಮಂದಿಯೆಲ್ಲ ಒಂದೇ ಪದಕ್ಕೆ ಒಪ್ಪಿಕೊಳ್ಳಬೇಕು.

ಹೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಕೇಳಿದ್ದು ಅರ್ಥವಾಗಿ ಮೈ ಅಲುಗಲು ಅಷ್ಟು ಹೊತ್ತು ಹಿಡಿಯಬಹುದು. ಎರಡೇ ಸೆಕೆಂಡಿಗೆ ಮತ್ತೆ ಹೇಳಿದರೆ ಅವರ ಯೋಚನೆ ಕಡಿದುಹೋಗಿ ಮೊದಲಿನಿಂದ ಶುರುವಾಗುತ್ತದೆ. ಕಲಿಸುವವರು ಅತಿ ಹೆಚ್ಚು ತಪ್ಪುವುದು ಇಲ್ಲೇ. ಹತ್ತು ಎಣಿಸಿದರೂ ಏಳದಿದ್ದರೆ ಮಾಡಿ ತೋರಿಸಿ. ಆಗಲೂ ಆಗದಿದ್ದರೆ, ಮುಟ್ಟಲೇ ಎಂದು ಕೇಳಿ, ಬೆನ್ನಿನ ಮೇಲೆ ಅಂಗೈ ಇಟ್ಟು ಮುಂದಕ್ಕೆ ಬಾಗಲು ಸೂಚಿಸಿ. ತೋಳು ಹಿಡಿದು ಎಳೆಯಬೇಡಿ. ಡೌನ್ ಸಿಂಡ್ರೋಮ್ ಇರುವವರ ಕೀಲುಗಳು ಸಡಿಲ, ಭುಜಕ್ಕೆ ಪೆಟ್ಟಾಗುತ್ತದೆ. ಕೈಯ ನೆರವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡಿ: ಅಂಗೈ, ಆಮೇಲೆ ಎರಡು ಬೆರಳು, ಆಮೇಲೆ ಬರೀ ಸನ್ನೆ. ಕಡಿಮೆ ಮಾಡದೆ ಹೋದರೆ ನಿಮ್ಮ ಕೈ ತಾಗುವ ತನಕ ಏಳುವುದೇ ಇಲ್ಲ ಎಂಬ ಅಭ್ಯಾಸ ಕೂತುಬಿಡುತ್ತದೆ.

ಎಣಿಕೆ ಬಾರದವರಿಗೆ "ಹತ್ತು ಸಲ" ಎಂದರೆ ಏನೂ ತಿಳಿಯದು. ಒಂದು ಬಟ್ಟಲಲ್ಲಿ ಐದು ಬಳೆ ಇಡಿ. ಒಮ್ಮೆ ಎದ್ದು ಕೂತರೆ ಒಂದು ಬಳೆ ಪಕ್ಕದ ಬಟ್ಟಲಿಗೆ. ಬಳೆ ಖಾಲಿಯಾದರೆ ಆಟ ಮುಗಿಯಿತು. ಹುಣಸೆ ಬೀಜವೂ ಆಗುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರಿಗೆ ಮಾತ್ರ ಬೇಡ. ಮೊದಲೆರಡು ವಾರ ಐದರಂತೆ ಎರಡು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ವಾರಕ್ಕೊಂದು ಬಳೆ ಸೇರಿಸುತ್ತಾ ಹತ್ತಕ್ಕೆ ಬನ್ನಿ. ಹತ್ತರ ಎರಡು ಸುತ್ತು ಸಲೀಸಾದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿಕೊಂಡು ಏಳಲಿ. ಅರ್ಧ ಕೆ.ಜಿ. ಭಾರ ಅಷ್ಟೇ, ಮುಂದೆ ಲೀಟರಿನ ಬಾಟಲಿ.

ಕೆಡುವುದು ಎಲ್ಲಿ? ಧೊಪ್ಪೆಂದು ಕೂರುತ್ತಾರೆ. ಆಗ ಆಸನದ ಮೇಲೆ ಒತ್ತಿದರೆ ಪೀಪಿ ಸದ್ದು ಮಾಡುವ ಮೆತ್ತನೆಯ ರಬ್ಬರ್ ಆಟಿಕೆ ಇಡಿ, ಮೆಲ್ಲಗೆ ಕೂತರೆ ಸದ್ದು ಉದ್ದವಾಗಿ ಬರುತ್ತದೆ, ಇಲ್ಲವೇ ನಿಮ್ಮ ಎಣಿಕೆಯನ್ನು ಎಳೆದು ಹಾಡಿನ ಹಾಗೆ ಹೇಳಿ. ಮಂಡಿಗಳು ಒಳಕ್ಕೆ ವಾಲಿದರೆ ಮಂಡಿಗಳ ನಡುವೆ ಚೆಂಡು ಇಡಬೇಡಿ, ಅದು ಇನ್ನೂ ಒಳಕ್ಕೆ ಒತ್ತುವುದನ್ನೇ ಕಲಿಸುತ್ತದೆ. ಮಂಡಿಯ ಹೊರಬದಿಗೆ ನಿಮ್ಮ ಅಂಗೈ ಹಿಡಿದು "ಕೈಯನ್ನು ತಳ್ಳು" ಎನ್ನಿ. ಏಳುವಾಗ ಉಸಿರು ಬಿಗಿಹಿಡಿದು ಮುಖ ಕೆಂಪಾಗುತ್ತಿದ್ದರೆ ಜೋರಾಗಿ "ಹಾ" ಎನ್ನುತ್ತಾ ಏಳಿಸಿ.

ನಡಿಗೆ

ಮೊದಲೆರಡು ವಾರ ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನ. ಆಮೇಲೆ ಎರಡು ವಾರಕ್ಕೊಮ್ಮೆ 5 ನಿಮಿಷ ಏರಿಸಿ. ಒಂಬತ್ತನೆಯ ವಾರಕ್ಕೆ 30 ನಿಮಿಷ, ಅಂದರೆ ವಾರಕ್ಕೆ 150. ಕೊನೆಯ ನಾಲ್ಕು ವಾರ ಹೊತ್ತು ಹೆಚ್ಚಿಸುವುದು ಬೇಡ, ಬಿರುಸು ಹೆಚ್ಚಿಸಿ: ಈ ಲೈಟ್ ಕಂಬದಿಂದ ಮುಂದಿನ ಕಂಬದ ತನಕ ಜೋರು, ಅಲ್ಲಿಂದ ಮುಂದಿನದಕ್ಕೆ ನಿಧಾನ.

ಬಿರುಸು ಎಷ್ಟಿರಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೈಗಡಿಯಾರದ ನಾಡಿಮಿಡಿತ ನೋಡಿ ಓಡಿಸಬೇಡಿ. ಡೌನ್ ಸಿಂಡ್ರೋಮ್ ಇರುವವರ ಹೃದಯದ ಗರಿಷ್ಠ ಬಡಿತವೇ ಉಳಿದವರಿಗಿಂತ ಕಡಿಮೆ, 220ರಿಂದ ವಯಸ್ಸು ಕಳೆಯುವ ಲೆಕ್ಕ ಅವರಿಗೆ ಹೊಂದುವುದಿಲ್ಲ. ಗಡಿಯಾರ "ಇನ್ನೂ ಸಾಲದು" ಎನ್ನುವಾಗ ಅವರು ಆಗಲೇ ಸುಸ್ತಾಗಿರಬಹುದು. ಮಾತು ಬಾರದವರಲ್ಲಿ ಭುಜ ನೋಡಿ. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿದ್ದರೆ ನಿಧಾನಿಸಿ. ಬಾಯಿ ತೆರೆದಿರುವುದು ಗುರುತಾಗದು, ಸುಮ್ಮನೆ ಕೂತಾಗಲೂ ಬಾಯಿಂದ ಉಸಿರಾಡುವವರು ಅನೇಕರಿದ್ದಾರೆ. ತುಟಿ ನೀಲಿಯಾದರೆ, ಎದೆ ಹಿಡಿದುಕೊಂಡರೆ, ಕಣ್ಣುಕತ್ತಲೆ ಬಂದವರಂತೆ ವಾಲಿದರೆ ಕೂಡಲೇ ಕೂರಿಸಿ, ವೈದ್ಯರ ನೆರವು ಪಡೆಯಿರಿ.

"ಅರ್ಧ ಗಂಟೆ ನಡೆಯೋಣ" ಎನ್ನುವುದಕ್ಕಿಂತ "ಗಣಪತಿ ಗುಡಿ ಮುಟ್ಟಿ ಬರೋಣ" ಎನ್ನುವುದು ಮೇಲು. ಗುಡಿ ಕಾಣುತ್ತದೆ, ಅರ್ಧ ಗಂಟೆ ಕಾಣುವುದಿಲ್ಲ. ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ, ರಸ್ತೆಯ ಕಡೆಗೆ ನೀವಿರಿ. ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಲಿ.

ನಡುದಾರಿಯಲ್ಲಿ ಕೂತುಬಿಡುವುದು ಎಲ್ಲರೂ ಹೇಳುವ ತೊಂದರೆ. ಬೈಯುವ ಮೊದಲು ಕ್ರಮವಾಗಿ ನೋಡಿ: ಶೂ ಒತ್ತುತ್ತಿದೆಯೇ, ಒಂದಕ್ಕೆ ಹೋಗಬೇಕೇ, ನಾಯಿ ಕಂಡಿತೇ, ಲಾರಿ ಹಾರ್ನಿಗೆ ಬೆಚ್ಚಿದರೇ, ತೊಡೆ ಉಜ್ಜಿ ಉರಿಯುತ್ತಿದೆಯೇ. ಕೊನೆಯದನ್ನು ದಪ್ಪ ಮೈಯವರಲ್ಲಿ ಯಾರೂ ಗಮನಿಸುವುದಿಲ್ಲ. ಉದ್ದನೆಯ ಹತ್ತಿ ಚಡ್ಡಿ, ತೊಡೆಯ ಒಳಬದಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸಾಕು. ಕಾರಣ ಏನೂ ಸಿಗದಿದ್ದರೆ ಪಕ್ಕದಲ್ಲೇ ನಿಂತು ಎರಡು ಆಯ್ಕೆ ಕೊಡಿ: "ಆ ಮರದ ತನಕ ಹೋಗೋಣವಾ, ಇಲ್ಲಿಂದಲೇ ವಾಪಸ್ ಹೋಗೋಣವಾ?" ವಾಪಸ್ ಎಂದರೆ ವಾಪಸ್. ಅವರು ವಯಸ್ಕರು, ಅವರ ಬೇಡ ಎಂಬ ಮಾತಿಗೆ ಬೆಲೆ ಇದೆ ಎಂದು ಗೊತ್ತಾದ ಮೇಲೆಯೇ ಬೇಕು ಎಂಬ ಮಾತೂ ಬರುವುದು.

ಮೆಚ್ಚುಗೆಗೆ ಬೋಂಡ, ಬಿಸ್ಕತ್ತು ಬೇಡ. ಅರ್ಧ ಗಂಟೆ ನಡೆದು ಕರಗಿಸಿದ್ದನ್ನು ಒಂದು ಪ್ಯಾಕೆಟ್ ಕ್ರೀಮ್ ಬಿಸ್ಕತ್ತು ವಾಪಸ್ ತರುತ್ತದೆ. ಪ್ರೇಡರ್-ವಿಲ್ಲಿ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ವಂಶವಾಹಿ ತೊಂದರೆ) ಇರುವವರಿಗಂತೂ ಹಸಿವು ತಣಿಯುವುದೇ ಇಲ್ಲ, ತಿಂಡಿಯ ಬಹುಮಾನ ಜಗಳಕ್ಕೆ ದಾರಿ. ಇಷ್ಟದ ಒಂದು ಹಾಡು, ಅತ್ತೆಗೋ ಮಾವನಿಗೋ ವಿಡಿಯೊ ಕರೆ, ನಾಳೆಯ ದಾರಿಯನ್ನು ತಾನೇ ಆರಿಸುವ ಹಕ್ಕು ಕೊಡಿ.

ನಡಿಗೆಯ ಜೊತೆ ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಟ್ಟು, ಕುರ್ಚಿ ವ್ಯಾಯಾಮಕ್ಕೆ ಇನ್ನು ಮೂರು ಸೇರಿಸಿ. ಗೋಡೆಗೆ ಅಂಗೈ ಊರಿ ಮೊಣಕೈ ಮಡಿಸಿ ಹಿಂದಕ್ಕೆ ತಳ್ಳುವುದು, ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಜಗಲಿಯ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು. ಸಮತೋಲಕ್ಕೆ ನೆಲದ ಮೇಲೆ ಹಗ್ಗ ಚಾಚಿ ಅದರ ಮೇಲೆ ನಡೆಸಿ. ಗಾಲಿಕುರ್ಚಿಯಲ್ಲಿ ಇರುವವರು ಬಾಟಲಿ ಎತ್ತಿ ಇಳಿಸುವುದು, ಚೆಂಡು ಎಸೆದು ಹಿಡಿಯುವುದು, ತಮ್ಮ ಗಾಲಿಯನ್ನು ತಾವೇ ನೂಕುವುದು ಮಾಡಲಿ.

ಜೊತೆಗೆ ಜನ

ಒಬ್ಬರೇ ಮಾಡುವ ವ್ಯಾಯಾಮ ಯಾರಿಗಾದರೂ ಬೇಸರ. ಕೋಲಾಟ ಇದಕ್ಕೆ ಹೇಳಿ ಮಾಡಿಸಿದ್ದು: ಲಯ ಒಂದೇ, ಹೆಜ್ಜೆ ಮರುಕಳಿಸುತ್ತದೆ, ಎದುರಿನವರನ್ನು ನೋಡಿ ಮಾಡಬಹುದು. ಲಗೋರಿಯನ್ನು ದೊಡ್ಡ ಮೆತ್ತನೆಯ ಚೆಂಡು, ನಾಲ್ಕೇ ಬಿಲ್ಲೆ ಇಟ್ಟುಕೊಂಡು ಹತ್ತಿರದಿಂದ ಆಡಿಸಿ.

ಸ್ಪರ್ಧೆಯ ಹುಮ್ಮಸ್ಸಿದ್ದರೆ ಸ್ಪೆಷಲ್ ಒಲಿಂಪಿಕ್ಸ್ ಇದೆ. ಯೂನಿಸ್ ಕೆನಡಿ ಶ್ರೈವರ್ ಕಟ್ಟಿದ ಈ ಸಂಸ್ಥೆಯ ಮೊದಲ ಕ್ರೀಡಾಕೂಟ 1968ರಲ್ಲಿ ಅಮೆರಿಕದ ಷಿಕಾಗೋದಲ್ಲಿ ನಡೆಯಿತು. ಭಾರತದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಎಂಬ ಹೆಸರಲ್ಲಿ ನಡೆಯುತ್ತದೆ, 8 ವರ್ಷ ತುಂಬಿದವರು ಸ್ಪರ್ಧಿಸಬಹುದು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ವಯಸ್ಸು ಮತ್ತು ಸಾಮರ್ಥ್ಯ ಹತ್ತಿರ ಹತ್ತಿರ ಇರುವವರನ್ನು ಒಂದೇ ಗುಂಪಿಗೆ ಹಾಕುವುದರಿಂದ ನಿಧಾನವಾಗಿ ಓಡುವವರಿಗೂ ನಿಜವಾದ ಪೈಪೋಟಿ ಸಿಗುತ್ತದೆ. ಅಂಗವೈಕಲ್ಯ ಇಲ್ಲದವರು ಒಂದೇ ತಂಡದಲ್ಲಿ ಜೊತೆಯಾಗಿ ಆಡುವ ಯೂನಿಫೈಡ್ ವಿಭಾಗವೂ ಇದೆ. ಅಣ್ಣ ತಂಗಿ ಒಟ್ಟಿಗೆ ಸೇರಲು ಇದು ಒಳ್ಳೆಯ ದಾರಿ. ಓದಿದ ವಿಶೇಷ ಶಾಲೆಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಸುತ್ತಲ ಊರಿನಲ್ಲಿ ಇಂಥ ಯುವಜನರು ಎಲ್ಲೆಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ನಾಲ್ಕು ಜನ ಸೇರಿದರೆ ಒಂದು ತಂಡವಾಯಿತು.

ಅಳೆದು ನೋಡುವುದು, ತಪ್ಪಿದಾಗ ಮತ್ತೆ ಹಿಡಿಯುವುದು

ತಿಂಗಳಿಗೊಮ್ಮೆ ಒಂದೇ ದಿನಾಂಕಕ್ಕೆ ಎರಡು ಅಳತೆ ಬರೆದಿಡಿ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದರು, ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಎಷ್ಟು. ತೂಕ ಮೊದಲ ಎರಡು ತಿಂಗಳು ಇಳಿಯದೇ ಇರಬಹುದು, ಏಳುವ ಲೆಕ್ಕ ಮಾತ್ರ ಏರುತ್ತದೆ. ಅದನ್ನೇ ಅವರಿಗೂ ತೋರಿಸಿ. ಮಾಡಿದ ದಿನದ ಮೇಲೆ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಸ್ಟಿಕರ್ ಅಂಟಿಸಿ.

ವಾರಗಟ್ಟಲೆ ಖುಷಿಯಿಂದ ಬರುತ್ತಿದ್ದವರು ಇದ್ದಕ್ಕಿದ್ದಂತೆ ಒಲ್ಲೆ ಎಂದರೆ ಅದನ್ನು ಹಠ ಎನ್ನಬೇಡಿ, ಮೊದಲು ನೋವು ಎಂದೇ ತಿಳಿಯಿರಿ. ಹುಳುಕು ಹಲ್ಲು, ಕಿವಿ ಸೋರುವುದು, ಮಲಬದ್ಧತೆ, ಮುಟ್ಟಿನ ನೋವು, ಉಗುರು ಒಳಕ್ಕೆ ಬೆಳೆದಿರುವುದು, ಹೊಸ ಮಾತ್ರೆ, ಮನೆಯಲ್ಲಿ ಸಾವು ಅಥವಾ ಮದುವೆಯಾಗಿ ಅಕ್ಕ ಹೋದ ದುಃಖ ಒಂದೊಂದನ್ನೂ ನೋಡಿ. ಡೌನ್ ಸಿಂಡ್ರೋಮ್ ಇರುವವರು ನಲವತ್ತು ದಾಟಿದ್ದು, ಗೊತ್ತಿದ್ದ ದಾರಿಯನ್ನೇ ಮರೆಯತೊಡಗಿದರೆ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಶುರುವಾಗಿರಬಹುದು, ಥೈರಾಯ್ಡ್ ಕೊರತೆಯೂ ಇರಬಹುದು. ಎರಡನ್ನೂ ಪರೀಕ್ಷೆ ಮಾಡಿಸಿ.

ಜ್ವರ, ಹಬ್ಬ, ಮಳೆ ಎಂದು ನಾಲ್ಕೈದು ದಿನ ತಪ್ಪಿದರೆ ಬಿಟ್ಟಲ್ಲಿಂದಲೇ ಹಿಡಿಯಿರಿ. ಎರಡು ವಾರಕ್ಕಿಂತ ಹೆಚ್ಚು ತಪ್ಪಿದರೆ ಹೊತ್ತನ್ನೂ ಬಳೆಗಳನ್ನೂ ಅರ್ಧಕ್ಕೆ ಇಳಿಸಿ, ಗೋಡೆಯ ಫೋಟೊಗಳನ್ನು ಮತ್ತೆ ಸಾಲಾಗಿ ಅಂಟಿಸಿ ಶುರು ಮಾಡಿ. ಜ್ವರ ಬಂದಿದ್ದರೆ ಅದು ಪೂರ್ತಿ ಬಿಟ್ಟು ಎರಡು ದಿನ ಕಳೆದ ಮೇಲೆ ಮಾತ್ರ ಶೂ ಹೊರಗೆ ತೆಗೆಯಿರಿ.